ಕಡಲ ತೀರದಿಂದ ಇಕ್ಕೇರಿಗೆ: ಪರದೇಶಿಯೊಬ್ಬನು ಕಂಡ ರಾಜಧಾನಿ

ಕನ್ನಡ ಕಾವ್ಯಗಳಲ್ಲಿ ಪುರವರ್ಣನೆಗೆ ಕೊರತೆಯಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಅದಕ್ಕೆ ಅಗ್ರಸ್ಥಾನವೇ ಉಂಟು. ಮುಗಿಲನ್ನು ಮುಟ್ಟುವ ಗೋಪುರ, ರತ್ನರಾಶಿಯಿಂದ ತುಂಬಿದ ಅಂಗಡಿಬೀದಿ, ಕುಬೇರನ ಅಲಕಾಪುರಿಯನ್ನು ನಗುವ ಸಿರಿ: ಇವು ಒಂದು ಕಾವ್ಯದಿಂದ ಇನ್ನೊಂದು ಕಾವ್ಯಕ್ಕೆ ನಡೆದುಬಂದ ಮಾತುಗಳು. ಕವಿಸಮಯದ ದೃಷ್ಟಿಯಿಂದ ಇವು ದೋಷಗಳಲ್ಲ. ಆದರೆ ಕೆಳದಿಯ ನಾಯಕರ ರಾಜಧಾನಿಯಾದ ಇಕ್ಕೇರಿ ಕ್ರಿ.ಶ. 1623ರಲ್ಲಿ ನಿಜವಾಗಿ ಹೇಗಿತ್ತು, ಅದರ ಬೇಲಿ ಯಾವುದರಿಂದ ಮಾಡಿದ್ದು, ಮನೆಗಳು ಒತ್ತಾಗಿದ್ದವೋ ವಿರಳವಾಗಿದ್ದವೋ, ಸಂಜೆಯ ಹೊತ್ತು ಬೀದಿಯಲ್ಲಿ ಏನು ನಡೆಯುತ್ತಿತ್ತು ಎಂದು ಕೇಳುವ ವಿದ್ಯಾರ್ಥಿಗೆ ಈ ವರ್ಣನೆಗಳು ಉತ್ತರ ಕೊಡಲಾರವು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಅರಸರ ವಂಶ, ಯುದ್ಧ, ದಾನಧರ್ಮಗಳ ವಿಷಯದಲ್ಲಿ ಅಮೂಲ್ಯವಾದ ಆಕರ. ಊರಿನ ದೈನಂದಿನ ಬಾಳನ್ನು ಚಿತ್ರಿಸುವುದು ಅದರ ಉದ್ದೇಶವಲ್ಲ. ಆ ಕೊರತೆಯನ್ನು ತುಂಬಿದವನು ರೋಮ್ ನಗರದಿಂದ ಬಂದ ಒಬ್ಬ ಪ್ರವಾಸಿ.

ಕಾರವಾರ-ಅಂಕೋಲೆಗಳ ಕಡೆಯಿಂದ ಘಟ್ಟವನ್ನೇರಿ ಹಳೆಯ ರಾಜಧಾನಿಗಳನ್ನು ನೋಡಹೋಗುವವರು ಇಂದು ಬಹಳ. ಕಾಳೀ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಕೇಂದ್ರವು 2000ದಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದ ಮೇಲೆ, ಒಂದು ಕಾಲಕ್ಕೆ ಕಾಡುಹಾದಿಯ ತುದಿಯಾಗಿದ್ದ ಈ ಸೀಮೆಯಲ್ಲಿ ದೇಶದ ನಾನಾ ಕಡೆಯ ಕುಟುಂಬಗಳು ನೆಲೆಸಿವೆ. ರಜೆ ಬಂದರೆ ಹಂಪೆ, ಬಾದಾಮಿ, ಬನವಾಸಿ, ಇಕ್ಕೇರಿ ಎಂದು ಹೊರಡುವುದು ಸಹಜವೇ. ಎಲ್ಲೆಡೆಯೂ ಮಾರ್ಗದರ್ಶಕರು ಸಿಗುತ್ತಾರೆ. ಕಂಬಗಳ ಸಂಖ್ಯೆ, ಕಲ್ಲಿನ ತೂಕ, ಶಿಲ್ಪದ ಚಮತ್ಕಾರಗಳನ್ನು ಹೇಳುತ್ತಾರೆ. ತಪ್ಪೇನಿಲ್ಲ, ಉಳಿದಿರುವುದು ಕಲ್ಲು, ಆದುದರಿಂದ ಮಾತೂ ಕಲ್ಲಿನ ಸುತ್ತಲೇ ತಿರುಗುತ್ತದೆ. ಆದರೆ ರಾಜಧಾನಿಯೆಂಬುದರಲ್ಲಿ ಕಲ್ಲಿನ ಪಾಲು ಎಷ್ಟು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇದೇ ಕರಾವಳಿಯೊಡನೆ ಸಂಬಂಧವುಳ್ಳ ಇಬ್ಬರು ಇಟಲಿಯವರ ಬರಹಗಳನ್ನು ನೋಡಬಹುದು. ಒಬ್ಬನ ವಿಷಯ ಚಿಕ್ಕದು, ಇನ್ನೊಬ್ಬನದು ದೊಡ್ಡದು.

ಮೊದಲನೆಯವನು ವೆನಿಸ್ಸಿನ ವರ್ತಕ ಚೇಸರೆ ಫೆದೆರೀಚಿ. 1563ರಲ್ಲಿ ಊರನ್ನು ಬಿಟ್ಟವನು ತಿರುಗಿ ಸೇರಿದ್ದು 1581ರಲ್ಲಿ. 1565ರ ಯುದ್ಧವಾಗಿ ಎರಡು ವರ್ಷಗಳಾದ ಬಳಿಕ, ಅಂದರೆ 1567ರಲ್ಲಿ, ಅವನು ವಿಜಯನಗರದಲ್ಲಿ ಏಳು ತಿಂಗಳಿದ್ದನು. ಒಂದು ತಿಂಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಏಳು ತಿಂಗಳು ಹಿಡಿದದ್ದು ದಾರಿಗಳಲ್ಲಿ ಕಳ್ಳರ ಕಾಟವಿದ್ದುದರಿಂದ. ನಗರವು ಪೂರ್ತಿಯಾಗಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ. ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿವೆಯೆಂದು ಜನ ಹೇಳುತ್ತಾರೆ ಎಂದು ಅವನು ಬರೆದಿದ್ದಾನೆ. ಮನೆಗಳು ಮಣ್ಣಿನ ಗೋಡೆಯವು, ಅರಮನೆಗಳೂ ದೇಗುಲಗಳೂ ಮಾತ್ರ ಬೇರೆ ಬಗೆಯವು ಎಂಬುದೂ ಅವನ ಮಾತೇ. ಇಂದು ಹಂಪೆಯಲ್ಲಿ ನಿಂತು ಈ ಮಾತನ್ನು ನೆನೆಯಬೇಕು. ಆ ಮಣ್ಣಿನ ಗೋಡೆಗಳೆಲ್ಲ ಕರಗಿಹೋದುದರಿಂದಲೇ ಅಲ್ಲಿ ಬಂಡೆಗಳ ನಡುವೆ ಅಷ್ಟೊಂದು ಬಯಲು ಕಾಣುವುದು. ಅವನು ಹಿಂದಿರುಗಿದ್ದು ಪಲ್ಲಕ್ಕಿಯಲ್ಲಿ, ಎಂಟು ದಿನಗಳ ಪಯಣದಿಂದ, ಅಂಕೋಲೆಗೆ. ಅಂಕೋಲೆ ಆಗ ಗೇರುಸೊಪ್ಪೆಯ ರಾಣಿಯ ಸೀಮೆಯಲ್ಲಿತ್ತು. ಅಲ್ಲಿಂದ ಗೋವೆಗೆ ಹೋಗುವ ದಾರಿಯಲ್ಲಿ ಅವನು ದರೋಡೆಗೆ ಸಿಕ್ಕಿದನು. ಈಗ ಅಂಕೋಲೆಯಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಹಂಪೆಯ ಕಡೆಗೆ ಸಾಗುವವರು ಒಂದೇ ದಿನದಲ್ಲಿ ತಲುಪುತ್ತಾರೆ.

ಎರಡನೆಯವನು ಪಿಯೆತ್ರೋ ದೆಲ್ಲಾ ವಾಲ್ಲೆ. ಹುಟ್ಟಿದ್ದು 1586ರಲ್ಲಿ, ರೋಮಿನ ಶ್ರೀಮಂತ ಮನೆತನದಲ್ಲಿ. ವ್ಯಾಪಾರಕ್ಕಾಗಲಿ ಮತಪ್ರಚಾರಕ್ಕಾಗಲಿ ಬಂದವನಲ್ಲ. ಲೋಕವನ್ನು ನೋಡುವುದಕ್ಕಾಗಿಯೇ 1614ರಲ್ಲಿ ಹೊರಟವನು. ಬಾಗ್ದಾದಿನಲ್ಲಿ ಮದುವೆಯಾದನು. ಪತ್ನಿ ಸಿತ್ತಿ ಮಆನಿ 1621ರ ಕೊನೆಯಲ್ಲಿ ಪರ್ಷಿಯದ ತೀರದಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಅವಳ ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಜತೆಯಲ್ಲಿಯೇ ಭಾರತಕ್ಕೂ ತಂದನು; ಕಡೆಗೆ ಅದನ್ನು ಮಣ್ಣುಮಾಡಿದ್ದು 1627ರಲ್ಲಿ, ರೋಮಿನಲ್ಲಿ. ಈ ಸಂಗತಿಯನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಅದು ಮುಂದೆ ತಿಳಿದೀತು.

1623ರಲ್ಲಿ ಅವನು ಗೋವೆಯಲ್ಲಿದ್ದಾಗ ಪೋರ್ಚುಗೀಸರ ರಾಯಭಾರಿಯೊಬ್ಬನು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದನು. ತುಳುನಾಡಿನ ಬಂಗರಸನ ರಾಜ್ಯದ ವಿವಾದ, ಮೆಣಸಿನ ವ್ಯಾಪಾರ ಮೊದಲಾದುವು ಆ ರಾಯಭಾರದ ಕಾರ್ಯಗಳು. ವೆಂಕಟಪ್ಪನ ಪ್ರತಿನಿಧಿಯಾಗಿ ಗೋವೆಯಲ್ಲಿದ್ದ ವಿಠಲ ಶೆಣೈ ಎಂಬವನೂ ಜತೆಗೆ ಹೊರಟನು. ಅರಸನ ಆಸ್ಥಾನವೊಂದನ್ನು ನೋಡುವ ಇಂಥ ಅವಕಾಶವನ್ನು ದೆಲ್ಲಾ ವಾಲ್ಲೆ ಬಿಡಲಿಲ್ಲ. ಅಕ್ಟೋಬರ್ ತಿಂಗಳಿನಲ್ಲಿ ಹಡಗು ಹತ್ತಿದ ಈ ತಂಡವು ಅಂಜಿದೀವ, ಕಾರವಾರ, ಅಂಕೋಲೆಗಳ ತೀರದ ಮುಂದೆ ತೆಂಕಣಕ್ಕೆ ಸಾಗಿ ಹೊನ್ನಾವರವನ್ನು ಸೇರಿತು. ಅಲ್ಲಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ. ಆ ನದಿಯ ಚೆಲುವನ್ನು ಅವನು ಮನದಣಿಯೆ ಹೊಗಳಿದ್ದಾನೆ. ಫೆದೆರೀಚಿಯ ಕಾಲದಲ್ಲಿ ಅಂಕೋಲೆಯ ವರೆಗೆ ಕೈಚಾಚಿದ್ದ ಆ ರಾಣಿಯ ಪಟ್ಟಣ ಇವನ ಹೊತ್ತಿಗೆ ಪಾಳುಬಿದ್ದಿತ್ತು. ಅರಮನೆಯ ನೆಲೆಯಲ್ಲಿ ಮರಗಳು ಬೆಳೆದಿದ್ದವು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ ಆಕೆಯ ನಾಡನ್ನು ನುಂಗಿದವನು ಇವರು ಕಾಣಹೊರಟ ವೆಂಕಟಪ್ಪನೇ. ಅಲ್ಲಿ ಇಂದಿಗೂ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ, ಅದರ ಸುತ್ತ ಒಂದು ಶ್ರೀಮಂತ ನಗರವಿತ್ತೆಂದು ಊಹಿಸುವುದೂ ಕಷ್ಟ.

ಘಟ್ಟದ ದಾರಿಯಲ್ಲಿ ಹೊರೆಗಳನ್ನು ಸರಿಮಾಡುತ್ತಿದ್ದ ಬಿಡುವಿನಲ್ಲಿ ಅವನು ಕಂಡದ್ದು ಈ ಇಡೀ ಪ್ರವಾಸದ ಅತಿ ಬೆಲೆಬಾಳುವ ನೋಟವೆಂದು ನನ್ನ ಎಣಿಕೆ. ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಕುಳಿತು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿದ್ದರು. ಒಬ್ಬನು ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಅಂಕಿಯನ್ನು ಬರೆಯುವನು. ಉಳಿದವರೂ ಅದನ್ನೇ ಹಾಡಿ ಅದನ್ನೇ ಬರೆಯುವರು. ಮರಳು ತುಂಬಿದಾಗ ಅಳಿಸುವುದು, ಬೇಕೆನಿಸಿದರೆ ಹೊಸ ಮರಳನ್ನು ಹರಡುವುದು. ಮರೆತರೆ ತಿದ್ದುವವರು ಯಾರು, ನೀವೆಲ್ಲರೂ ಶಿಷ್ಯರೇ ಅಲ್ಲವೇ ಎಂದು ಇವನು ಕೇಳಿದನು. ನಾಲ್ವರೂ ಒಂದೇ ಮಾತನ್ನು ಒಮ್ಮೆಗೇ ಮರೆಯುವುದು ಸಾಧ್ಯವಿಲ್ಲ ಎಂದು ಹುಡುಗರು ಉತ್ತರಕೊಟ್ಟರು. ಕಾಗದವಿಲ್ಲದೆ, ಲೇಖನಿಯಿಲ್ಲದೆ, ಆ ಹೊತ್ತಿಗೆ ಉಪಾಧ್ಯಾಯನೂ ಇಲ್ಲದೆ ನಡೆಯುತ್ತಿದ್ದ ಈ ಅಭ್ಯಾಸಕ್ಕೆ ದೆಲ್ಲಾ ವಾಲ್ಲೆ ತಲೆದೂಗಿದ್ದಾನೆ. ನಮ್ಮ ಹಿಂದಿನ ಶಿಕ್ಷಣಪದ್ಧತಿಯನ್ನು ಕುರಿತು ಬರೆದವರು ಮತ್ತೆ ಮತ್ತೆ ಈ ಪ್ರಸಂಗದ ಕಡೆಗೆ ತಿರುಗಿರುವುದು ಸುಮ್ಮನಲ್ಲ. ರಾಯಭಾರಿಯ ಪರಿವಾರದಲ್ಲಿ ಇನ್ನೂ ಹಲವರಿದ್ದರು; ಆ ಹುಡುಗರ ಬಳಿ ನಿಂತು ಮಾತನಾಡಿಸಿದವನು ಇವನು.

ನವೆಂಬರಿನಲ್ಲಿ ಇಕ್ಕೇರಿ. ಊರು ಸಮತಟ್ಟಾದ ನೆಲದ ಮೇಲಿತ್ತು. ಒಳಗೆ ಹೋಗಲು ಒಂದರ ಹಿಂದೆ ಒಂದಾಗಿ ಮೂರು ಬಾಗಿಲುಗಳು, ಕಂದಕಗಳು. ಆದರೆ ಪರದೇಶಿ ನಿರೀಕ್ಷಿಸಿದ ಕಲ್ಲುಕೋಟೆಯ ಬದಲು ಅಲ್ಲಿದ್ದುದು ಒತ್ತಾಗಿ ಬೆಳೆಸಿದ ಎತ್ತರದ ಬಿದಿರ ಬೇಲಿ. ಮಲೆನಾಡನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮುಳ್ಳುಬಿದಿರಿನ ಮೆಳೆಯನ್ನು ನುಗ್ಗಿ ಬರುವುದು ಕುದುರೆಗೂ ಆಗದು, ಕಾಲಾಳಿಗೂ ಆಗದು. ಮನೆಗಳು ವಿರಳ, ಅಷ್ಟೇನೂ ಚೆಂದವಲ್ಲ. ಊರಿನ ಹೆಚ್ಚಿನ ಪಾಲನ್ನು ಉದ್ದನೆಯ ಅಗಲವಾದ ಬೀದಿಗಳು, ದಟ್ಟ ನೆರಳಿನ ಮರಗಳು, ಕೆರೆಗಳು, ಗದ್ದೆ-ತೋಪುಗಳು ಆಕ್ರಮಿಸಿದ್ದವು. ಊರು, ಕೆರೆ, ಹೊಲ, ಕಾಡುಗಳು ಒಂದರೊಳಗೊಂದು ಬೆರೆತಂತೆ ತೋರುವ ಈ ನೋಟ ಬಹಳ ಮನೋಹರವಾಗಿದೆ ಎಂಬ ಭಾವದಲ್ಲಿ ಅವನು ಬರೆಯುತ್ತಾನೆ. ಇಂಥ ರಾಜಧಾನಿಯು ತನ್ನ ಅವಶೇಷವನ್ನು ಉಳಿಸುವುದಾದರೂ ಹೇಗೆ? ಬಿದಿರು ಹೂಬಿಟ್ಟು ಸಾಯುತ್ತದೆ. ಮಣ್ಣಿನ ಗೋಡೆ ಮಲೆನಾಡಿನ ಮಳೆಗೆ ನಿಲ್ಲದು. ಮುಂದೆ ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಹೋಯಿತು; 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ಅದನ್ನು ಹೈದರನಗರವೆಂದು ಕರೆದನು. ಸಾಗರದ ಪಕ್ಕದ ಇಕ್ಕೇರಿಯಲ್ಲಿ ಇಂದು ನೋಡುವವರಿಗೆ ಇರುವುದು ಮುಖ್ಯವಾಗಿ ಅಘೋರೇಶ್ವರ ದೇವಾಲಯ, ಅದರ ಮುಂದಿನ ನಂದಿಮಂಟಪ, ನೆಲದ ಮೇಲೆ ಸಾಷ್ಟಾಂಗವೆರಗಿದಂತೆ ಬಿಡಿಸಿದ ನಾಯಕರ ಚಿತ್ರಗಳು, ಗರ್ಭಗುಡಿಯಲ್ಲಿ ದೇವಿಯರ ಸಾಲನ್ನು ಕೆತ್ತಿದ ವಿಶಾಲವಾದ ಪೀಠ. ಆ ಪೀಠದ ಮೇಲಿದ್ದ ಬಹುಭುಜಗಳ ಮೂರ್ತಿ ಈಗ ಇಲ್ಲ. ದೆಲ್ಲಾ ವಾಲ್ಲೆಯ ಕಾಲಕ್ಕೆ ಅಘೋರೇಶ್ವರನೇ ಊರಿನ ಪ್ರಧಾನ ದೈವ. ಸಂಜೆಯ ಹೊತ್ತು ದೀಪ, ವಾದ್ಯ, ನರ್ತನಗಳೊಡನೆ ಪಲ್ಲಕ್ಕಿಯ ಉತ್ಸವ ನಡೆಯುತ್ತಿದ್ದುದನ್ನು ಅವನು ಕಣ್ಣಾರೆ ಕಂಡನು.

ಅರಮನೆಯ ಭೇಟಿಯ ವಿವರವು ದೀರ್ಘವಾಗಿದೆ. ನಮಗೆ ಅಷ್ಟು ಬೇಕಾಗಿಲ್ಲ. ಮರ್ಯಾದೆ, ವೀಳ್ಯ, ಉಡುಗೊರೆ, ಮತ್ತೆ ಕಾಯುವುದು: ರಾಯಭಾರವೆಂದರೆ ಎಲ್ಲೆಡೆಯೂ ಹೀಗೆಯೇ. ವೆಂಕಟಪ್ಪನನ್ನು ಅವನು ಸಣ್ಣ ಅರಸನೆಂದೇ ಎಣಿಸಿದನು. ಪರ್ಷಿಯದ ಷಾ ಅಬ್ಬಾಸನ ಆಸ್ಥಾನವನ್ನು ಕಂಡು ಬಂದವನ ಕಣ್ಣಿಗೆ ಹಾಗೆ ತೋರಿರಬಹುದು. ಆದರೆ ಗೋವೆಯ ಪೋರ್ಚುಗೀಸರು ರಾಯಭಾರಿಯನ್ನು ಅವನ ಬಾಗಿಲಿಗೆ ಕಳುಹಿಸಬೇಕಾಗಿ ಬಂದಿತ್ತೆಂಬುದನ್ನೂ ಜತೆಗಿಟ್ಟು ಓದಬೇಕು. ಅರಸನು ಲಿಂಗವಂತನೆಂಬುದನ್ನೂ, ಮಾಂಸಾಹಾರವನ್ನು ವರ್ಜಿಸಿದವನೆಂಬುದನ್ನೂ ದೆಲ್ಲಾ ವಾಲ್ಲೆ ಗುರುತಿಸಿದ್ದಾನೆ. ಜಂಗಮರ ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡು, ಬೀದಿಯಲ್ಲಿ ಜನರು ಅವರ ಪಾದಗಳಿಗೆ ಎರಗುವುದನ್ನು ವರ್ಣಿಸಿದ್ದಾನೆ. ಇಷ್ಟಲಿಂಗವನ್ನು ಅವನು ಕೊರಳಿನ ವಿಗ್ರಹವೆಂದಷ್ಟೇ ತಿಳಿದನು. ಷಟ್‌ಸ್ಥಲವನ್ನಾಗಲಿ ಅಂಗ-ಲಿಂಗ ಸಂಬಂಧವನ್ನಾಗಲಿ ಅವನಿಗೆ ವಿವರಿಸಿ ಹೇಳುವವರು ಸಿಗಲಿಲ್ಲ. ಅವನ ಮಾತುಗಳೆಲ್ಲ ದ್ವಿಭಾಷಿಗಳ ಮೂಲಕ ಬಂದವು, ದ್ವಿಭಾಷಿಗೆ ಗೊತ್ತಿರುವಷ್ಟೇ ಪ್ರವಾಸಿಗೂ ದಕ್ಕುವುದು. ಆದುದರಿಂದ ತತ್ತ್ವದ ವಿಷಯದಲ್ಲಿ ಅವನನ್ನು ಆಕರವಾಗಿ ಹಿಡಿಯಬಾರದು. ಕಣ್ಣಿಗೆ ಕಂಡ ಆಚಾರದ ವಿಷಯದಲ್ಲಿ ಮಾತ್ರ ಹಿಡಿಯಬಹುದು; ಆ ಮಟ್ಟಿಗೆ ಅವನು ನಂಬತಕ್ಕವನು. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿಡುವ ಅಭ್ಯಾಸ ಅವನಿಗಿತ್ತು.

ಅರಮನೆಯವರು ತೋರಿಸಿದ್ದಕ್ಕಿಂತ ಬಿಡುವಿನ ಹೊತ್ತಿನಲ್ಲಿ ತಾನಾಗಿ ಅಲೆದು ಕಂಡದ್ದೇ ಅವನ ಪತ್ರಗಳಲ್ಲಿ ಹೆಚ್ಚು ಜೀವಂತವಾಗಿದೆ. ಸಂಜೆ ಹೆಂಗಸರು ಬಣ್ಣದ ಕೋಲುಗಳನ್ನು ಹಿಡಿದು ವರ್ತುಲವಾಗಿ ಹಾಡುತ್ತ ಕುಣಿಯುತ್ತಿದ್ದರು. ನಮ್ಮ ಕೋಲಾಟವನ್ನು ಪರದೇಶಿಯೊಬ್ಬನು ಇಷ್ಟು ವಿವರವಾಗಿ ಬಣ್ಣಿಸಿದ್ದು ವಿರಳ. ಜಾನಪದದ ವಿದ್ಯಾರ್ಥಿಗಳು ಈ ಪುಟಗಳನ್ನು ಮೂಲದೊಡನೆ ಹೋಲಿಸಿ ಓದುವುದು ಒಳ್ಳೆಯದು. ಇಂಗ್ಲಿಷ್ ಅನುವಾದವನ್ನು ಪರಿಷ್ಕರಿಸಿ ಲಂಡನ್ನಿನ ಹಕ್ಲೂಯ್ಟ್ ಸೊಸೈಟಿಯು 1892ರಲ್ಲಿ ಪ್ರಕಟಿಸಿದೆ.

ಅದೇ ಬೀದಿಯಲ್ಲಿ ಅವನು ಇನ್ನೊಂದು ಮೆರವಣಿಗೆಯನ್ನೂ ಕಂಡನು. ಸಹಗಮನಕ್ಕೆ ನಿಶ್ಚಯಿಸಿದ ಹೆಂಗಸನ್ನು ಕುದುರೆಯ ಮೇಲೆ ಕೂರಿಸಿ, ವಾದ್ಯದೊಡನೆ ಊರಲ್ಲಿ ತಿರುಗಿಸುತ್ತಿದ್ದರು. ಅವಳ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಬಳಿಕ ಜಕ್ಕಮ್ಮ ಎಂಬವಳ ಮನೆಯನ್ನು ಅರಸಿಕೊಂಡು ಹೋಗಿ ಅವಳೊಡನೆ ಮಾತನಾಡಿದನು. ಅವಳು ತೆಲುಗಿನವಳು, ತೀರಿಕೊಂಡ ಗಂಡ ನಗಾರಿ ಬಾರಿಸುವವನು. ಅವಳು ನಗುನಗುತ್ತ ಮಾತನಾಡಿದಳು. ಬೇಡವೆಂದು ಇವನು ಹೇಳಿನೋಡಿದನು. ಮಕ್ಕಳ ಗತಿಯೇನೆಂದು ಕೇಳಿದನು. ನೋಡಿಕೊಳ್ಳುವವರಿದ್ದಾರೆ, ತನ್ನನ್ನು ಯಾರೂ ಬಲವಂತಪಡಿಸಿಲ್ಲ ಎಂದು ಅವಳು ಹೇಳಿದಳು. ನಿನ್ನ ಹೆಸರು ನನ್ನ ನಾಡಿನಲ್ಲಿ ಉಳಿಯುವಂತೆ ಮಾಡುತ್ತೇನೆ ಎಂದು ಮಾತುಕೊಟ್ಟು ಅವನು ಹಿಂತಿರುಗಿದನು. ಅವಳನ್ನು ಕುರಿತು ಸುನೀತಗಳನ್ನೂ ಬರೆದನು. ಹೆಂಡತಿಯ ಶವವನ್ನು ಹೊತ್ತುಕೊಂಡು ದೇಶಾಂತರ ತಿರುಗುತ್ತಿದ್ದವನು, ಗಂಡನ ಶವದ ಹಿಂದೆ ಹೋಗಲಿದ್ದವಳೆದುರು ಕುಳಿತ ಆ ಗಳಿಗೆಯನ್ನು ಓದುವಾಗ, ಈ ಕ್ರೂರ ಪದ್ಧತಿಯ ಬಗ್ಗೆ ನಮಗಿರುವ ಅಸಹ್ಯದ ಜತೆಗೆ ಬೇರೊಂದು ಭಾವವೂ ಸೇರಿಕೊಳ್ಳುತ್ತದೆ. ಕೆಳದಿ ಅರಸರ ಪಟ್ಟಮಹಿಷಿಯರ ಹೆಸರುಗಳು ಶಾಸನ-ಕಾವ್ಯಗಳಲ್ಲಿ ಉಳಿದಿವೆ. ನಗಾರಿಯವನ ಹೆಂಡತಿಯೊಬ್ಬಳ ಹೆಸರು ಉಳಿದಿರುವುದು ಅವನು ನೇಪಲ್ಸಿನ ಗೆಳೆಯನಿಗೆ ಬರೆದ ಪತ್ರದಲ್ಲಿ.

ಇಕ್ಕೇರಿಯಿಂದ ಅವನು ಘಟ್ಟವನ್ನಿಳಿದು ಬಸರೂರು, ಮಂಗಳೂರುಗಳ ಕಡೆಗೆ ಹೋದನು. ಉಳ್ಳಾಲದ ರಾಣಿಯ ಆಸ್ಥಾನವನ್ನು ನೋಡಬೇಕೆಂದು ವಿಚಾರಿಸಿದಾಗ ಅವಳು ಮಣೇಲಿನಲ್ಲಿರುವಳೆಂದು ತಿಳಿಯಿತು, ಅಲ್ಲಿಗೇ ಹೋದನು. ಸಿಂಹಾಸನವಾಗಲಿ ಒಡ್ಡೋಲಗವಾಗಲಿ ಕಾಣಲಿಲ್ಲ. ರಾಣಿಯು ಬರಿಗಾಲಿನಲ್ಲಿ, ತಾಳೆಗರಿಯ ಕೊಡೆಯ ನೆರಳಿನಲ್ಲಿ, ದಾರಿಯಲ್ಲಿ ನಡೆದುಬರುತ್ತಿದ್ದಳು. ಕಾಲುವೆ ತೋಡಿಸುವ ಕೆಲಸವನ್ನು ನೋಡಿಕೊಳ್ಳಲು ಅವಳು ಬಂದಿದ್ದಳು.