ಅಪ್ಪಿಕೊದ ಮೊದಲ ಪತ್ರ: ಯುವಕ ಮಂಡಳಿಗಳ ಪರವಾಗಿ ಒಂದು ತಕರಾರು

ಹಿಮಾಲಯದ ಚಿಪ್ಕೊ ಚಳವಳಿಯ ಮುಂದಾಳು ಸುಂದರಲಾಲ್ ಬಹುಗುಣ ಶಿರಸಿ ಸೀಮೆಗೆ ಬಂದರು, ಮಾತನಾಡಿದರು, ಹಳ್ಳಿಯ ಹುಡುಗರು ಎಚ್ಚೆತ್ತರು, 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೊ ಚಳವಳಿಯ ಬಗ್ಗೆ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಕಥೆ ಇಷ್ಟೇ. ಚಿಪ್ಕೊ ಮೂಲ, ಅಪ್ಪಿಕೊ ಅದರ ದಕ್ಷಿಣದ ನಕಲು. ಈಗ ಯುವ ನಾಯಕತ್ವ ಶಿಬಿರಗಳನ್ನು ನಡೆಸುವವರಿಗೂ ಈ ಕಥೆ ಬಹಳ ಅನುಕೂಲ: ಪ್ರೇರಕನೊಬ್ಬ ಬಂದರೆ ಸಾಕು, ಯುವಶಕ್ತಿ ತಾನಾಗಿ ಏಳುತ್ತದೆ ಎಂದು ಮೂರು ದಿನದ ಕಾರ್ಯಾಗಾರದಲ್ಲಿ ಹೇಳಿಬಿಡಬಹುದು.

ಈ ಓದಿನಲ್ಲಿ ಘಟನೆಗಳ ಅನುಕ್ರಮವೇ ತಪ್ಪಿದೆ. ತಪ್ಪನ್ನು ತೋರಿಸುವ ಆಧಾರ ಯಾವುದೋ ಗುಪ್ತ ದಫ್ತರದಲ್ಲಿಲ್ಲ. ಚಳವಳಿಯ ಮುಂಚೂಣಿಯಲ್ಲಿದ್ದ ಪಾಂಡುರಂಗ ಹೆಗಡೆಯವರು ಬರೆದ, ಎಲ್ಲರೂ ಉಲ್ಲೇಖಿಸುವ ವೃತ್ತಾಂತದಲ್ಲೇ ಇದೆ. ಸಹಜ ಕಾಡನ್ನು ಬೋಳಿಸಿ ಸಾಗವಾನಿ ನೆಡುವ ಯೋಜನೆಯನ್ನು ಕೈಬಿಡಿ ಎಂದು ಬಾಳೆಗದ್ದೆ ಎಂಬ ಹಳ್ಳಿಯ ಯುವಕರು ಅರಣ್ಯಾಧಿಕಾರಿಗಳಿಗೆ ಪತ್ರ ಬರೆದರು. ಇಲಾಖೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಊರವರು ಚಳವಳಿ ಹೂಡಲು ನಿರ್ಧರಿಸಿದರು. ಆಮೇಲೆ ಬಹುಗುಣ ಅವರನ್ನು ಕರೆಸಿದರು, ಮರ ಅಪ್ಪಿ ಉಳಿಸುವ ಪ್ರತಿಜ್ಞೆ ನಡೆಯಿತು. ವೃತ್ತಾಂತದ ಅನುಕ್ರಮ ಇದು. ಹಾಗಾದರೆ ಅತಿಥಿ ಬರುವ ಹೊತ್ತಿಗೆ ನಿರ್ಧಾರ ಆಗಿಹೋಗಿತ್ತು.

ಆ ಪತ್ರ ಬರೀ ಒಂದು ಅರ್ಜಿ, ಚಳವಳಿ ಹುಟ್ಟಿದ್ದು ಮರ ಅಪ್ಪಿ ಉಳಿಸುತ್ತೇವೆಂದು ಪ್ರತಿಜ್ಞೆ ಮಾಡಿದ ದಿನ ಎಂಬ ಆಕ್ಷೇಪ ಏಳಬಹುದು. ಅದನ್ನು ತೂಗಿ ನೋಡಲು ಸಾಕ್ಷಿ ಹೇಳುತ್ತಿರುವವರು ಯಾರೆಂದು ನೋಡಬೇಕು. ಹೆಗಡೆಯವರು ಸ್ವತಃ ಹಿಮಾಲಯಕ್ಕೆ ಹೋಗಿ ಚಿಪ್ಕೊದಲ್ಲಿ ತೊಡಗಿಕೊಂಡು ಬಂದವರು, ಬಹುಗುಣ ಅವರ ಒಡನಾಡಿ. ಎಲ್ಲ ಶ್ರೇಯಸ್ಸನ್ನೂ ಗುರುವಿನ ಹೆಸರಿಗೆ ಬರೆಯಲು ಅವರಿಗೆ ಕಾರಣವಿತ್ತು, ಅವಕಾಶವೂ ಇತ್ತು. ಆದರೂ ಅವರು ಯುವಕರ ಪತ್ರವನ್ನು ಮೊದಲಿಟ್ಟಿದ್ದಾರೆ. ತನ್ನ ಒಲವಿಗೆ ವಿರುದ್ಧವಾಗಿ ಹೇಳಿದ ಸಾಕ್ಷಿಗೆ ಹೆಚ್ಚು ಬೆಲೆ ಎಂಬುದು ಆಕರ ವಿಮರ್ಶೆಯ ಮೊದಲ ಪಾಠ. ಚಿಪ್ಕೊ ಮೂಲದ ಉತ್ಸಾಹಿಗಳು ಅದೇ ಪುಟದಿಂದ ಪ್ರತಿಜ್ಞೆಯ ವಾಕ್ಯವನ್ನು ಎತ್ತಿಕೊಂಡು, ಅದಕ್ಕೂ ಮೇಲಿನ ವಾಕ್ಯವನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಇನ್ನು ಪತ್ರದ ಬೇಡಿಕೆ. ಅದರ ಹಿಂದಿರುವುದು ಅಡಕೆ ಸೀಮೆಯ ಸೊಪ್ಪಿನ ಬೆಟ್ಟದ ಲೆಕ್ಕ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಇದೆ. ಮರ ಹತ್ತಿ ಟೊಂಗೆ ಸವರಿ ಸೊಪ್ಪು ಇಳಿಸಬೇಕು, ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಬೇಕು, ಗೊಬ್ಬರವಾದ ಮೇಲೆ ತೋಟಕ್ಕೆ ಹೊರಬೇಕು. ಹತ್ತಾರು ಜಾತಿಯ ಮರಗಳಿದ್ದ ಕಡೆ ಸಾಗವಾನಿಯ ಸಾಲು ನಿಂತರೆ ಈ ಸರಪಳಿ ಕಡಿಯುತ್ತದೆ, ಒರತೆ ಬತ್ತುತ್ತದೆ. 1973ರಲ್ಲಿ ಚಿಪ್ಕೊ ಶುರುವಾದ ಗಡ್ವಾಲಿನ ಮಂಡಲ ಎಂಬ ಊರಿನಲ್ಲಿದ್ದ ಕುಂದುಕೊರತೆಯೇ ಬೇರೆ: ಕೃಷಿ ಉಪಕರಣಕ್ಕೆಂದು ಊರವರು ಕೇಳಿದ ಮರವನ್ನು ನಿರಾಕರಿಸಿ, ಆಟದ ಸಾಮಾನು ಮಾಡುವ ಕಂಪನಿಗೆ ಕೊಡಲಾಗಿತ್ತು. ನೋವು ಬೇರೆಯಾದಾಗ ಅಪ್ಪುವ ವಿಧಾನವನ್ನು ಎರವಲು ತರಬಹುದು, ತಕರಾರನ್ನು ತರಲಾಗದು. ಕಾಡಿನ ವಿಷಯದಲ್ಲಿ ಸರ್ಕಾರದೊಡನೆ ಜಗಳ ಉತ್ತರ ಕನ್ನಡ ಜಿಲ್ಲೆಗೆ ಹೊಸದೂ ಅಲ್ಲ. 1930ರ ಜಂಗಲ್ ಸತ್ಯಾಗ್ರಹ ಇಲ್ಲೇ ನಡೆದದ್ದು. ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂರಿಸಿ ವಿಚಾರ ಸಂಕಿರಣ ಮಾಡಿಸಿದ್ದು ತೋಟಿಗರ ಸಹಕಾರಿ ಸಂಘ. ಪತ್ರ ಬರೆದ ಹುಡುಗರು ಬೆಳೆದದ್ದು ಇಂಥ ಸೀಮೆಯಲ್ಲಿ. (ತೋಟವಿದ್ದವರ ಹಿತವೇ ಪರಿಸರದ ಹೆಸರಲ್ಲಿ ಮಾತಾಡಿತು ಎಂಬ ಎಡಪಂಥೀಯ ಮಿತ್ರರ ಟೀಕೆಯಲ್ಲಿ ಹುರುಳಿದೆ, ಬೆಟ್ಟದ ಸವಲತ್ತು ತೋಟವಿಲ್ಲದವರಿಗೆ ಇರಲಿಲ್ಲ. ಆದರೆ ಹಿತಾಸಕ್ತಿ ಇತ್ತು ಎಂದಮಾತ್ರಕ್ಕೆ ಚಳವಳಿ ಹುಸಿಯಾಗುವುದಿಲ್ಲ.)

ಹೆಗಡೆಯವರ ಲೆಕ್ಕದಲ್ಲಿ ಮೊದಲ ಹೋರಾಟ 38 ದಿನ ನಡೆಯಿತು. ಮಳೆಗಾಲ ಇನ್ನೂ ಮುಗಿಯದ ಸೆಪ್ಟೆಂಬರ್, ಉಂಬಳ ಕಚ್ಚುವ ಕಾಡು, ಇಲಾಖೆಯವರು ತೊಗಟೆ ಕೆತ್ತಿ ಸುತ್ತಿಗೆಯ ಮೊಹರು ಒತ್ತಿ ಕಡಿಯಲು ಗುರುತು ಮಾಡಿದ ಮರಗಳು. ಅಲ್ಲಿಗೆ ದಿನವೂ ಯಾರು ಹೋಗಬೇಕು, ಯಾರ ಮನೆಯಿಂದ ಬುತ್ತಿ, ಯಾರ ತೋಟದ ಕೆಲಸವನ್ನು ಯಾರು ಸುಧಾರಿಸಬೇಕು ಎಂಬುದನ್ನು ಒಂದು ಭಾಷಣ ತೀರ್ಮಾನಿಸಲಾರದು. ಶ್ರಮದಾನ, ಯಕ್ಷಗಾನ, ವಾಲಿಬಾಲ್ ಪಂದ್ಯ ಎಂದು ವರ್ಷವಿಡೀ ಪಾಳಿ ಹಂಚಿ ರೂಢಿಯಾದ ಯುವಕ ಮಂಡಳಿಗೆ ಅದು ಗೊತ್ತಿರುತ್ತದೆ.

ಚಿಪ್ಕೊ ಮತ್ತು ಅಪ್ಪಿಕೊ ನಡುವಿನ ನಿಜವಾದ ನಂಟನ್ನು ನಾನು ಹುಡುಕುವುದು ಇಲ್ಲಿಯೇ. 1974ರ ಮಾರ್ಚ್ 26ರಂದು ಗಡ್ವಾಲಿನ ರೇಣಿಯಲ್ಲಿ ಕೊಡಲಿಗೆ ಅಡ್ಡ ನಿಂತ ಗೌರಾದೇವಿ ಆ ಊರಿನ ಮಹಿಳಾ ಮಂಗಲ ದಳದ ಮುಖ್ಯಸ್ಥೆ. ಮಂಡಲದ ಪ್ರತಿಭಟನೆಯ ಹಿಂದಿದ್ದದ್ದು ಚಂಡೀಪ್ರಸಾದ ಭಟ್ಟರು 1964ರಲ್ಲಿ ಕಟ್ಟಿದ ಗೋಪೇಶ್ವರದ ಸಂಘ. ಹಳ್ಳಿಹಳ್ಳಿಗೆ ಯುವಕ ಮಂಡಳಿ, ಮಹಿಳಾ ಮಂಡಳಿ ಎಂಬ ಅಚ್ಚು ಹಬ್ಬಿದ್ದರಲ್ಲಿ 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಪಾಲು ದೊಡ್ಡದು. 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು. ಸರ್ಕಾರ ಗೊಬ್ಬರದ ಗುಂಡಿ ತೋಡಿಸಲೆಂದು ಬೆಳೆಸಿದ ಮಂಡಳಿಗಳ ಮಾದರಿಯೇ ಸರ್ಕಾರದ ಕೊಡಲಿಗೆ ಅಡ್ಡ ಬಂತು. ಈ ವಿಪರ್ಯಾಸವನ್ನು ಬಿಟ್ಟು ಬಹುಗುಣರ ಭಾಷಣವನ್ನೇ ಹಿಡಿದು ಕೂತವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಬಹುಗುಣ ಅವರ ಮೇಲೆ ನನಗೆ ಗೌರವ ಕಡಿಮೆಯಿಲ್ಲ. ಅವರು ಬರದಿದ್ದರೆ ಸಾಲ್ಕಣಿಯ ಸುದ್ದಿ ದೆಹಲಿಯ ಪತ್ರಿಕೆಗಳನ್ನು ಮುಟ್ಟುವುದು ಕಷ್ಟವಿತ್ತು.

ಈ ವಾದವನ್ನು ಗಟ್ಟಿಮಾಡುವ ಅಥವಾ ಮುರಿಯುವ ಸಾಮಗ್ರಿ ಮಂಡಳಿಗಳ ಠರಾವು ಪುಸ್ತಕಗಳು: ಉದ್ದನೆಯ ರಿಜಿಸ್ಟರು, ಹಾಜರಿದ್ದವರ ಸಹಿ, ಸೂಚಕರು, ಅನುಮೋದಕರು, ವಂತಿಗೆಯ ಬಾಕಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆಗಳ ಮೆತ್ತಿನ ಮೇಲೆ 1980ರ ಆಸುಪಾಸಿನ ಅಂಥ ಪುಸ್ತಕಗಳಿದ್ದರೆ, ಗೆದ್ದಲು ಹಿಡಿಯುವ ಮುಂಚೆ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಾಲ್ಲೂಕು ಗ್ರಂಥಾಲಯಕ್ಕೋ ಕೊಡಿ. ಕೊಡಲು ಮನಸ್ಸಿಲ್ಲದಿದ್ದರೆ ಪುಟಗಳ ಫೋಟೊ ತೆಗೆಯಲಾದರೂ ಬಿಡಿ.