ಒಂದೇ ಒಂದು ತಂತಿ

2008ರ ಜನವರಿ ಕೊನೆಯ ವಾರ ನಿಮಗೆ ನೆನಪಿದೆಯಾ? ಬರೆದದ್ದನ್ನು ಬ್ಲಾಗಿಗೆ ಏರಿಸೋಣ ಅಂದರೆ ಪುಟವೇ ತೆರೆದುಕೊಳ್ಳುತ್ತಿರಲಿಲ್ಲ. ನಾನು ಮೊದಲು ಮೋಡೆಮ್ಮಿಗೆ ಎರಡು ಬಡಿದೆ, ಆಮೇಲೆ ಕನೆಕ್ಷನ್ ಕೊಟ್ಟವರಿಗೆ ಬೈದೆ. ಪಾಪ, ತಪ್ಪು ಇಬ್ಬರದ್ದೂ ಅಲ್ಲ. ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದ ತಳದಲ್ಲಿ ಎರಡು ಕೇಬಲ್ ತುಂಡಾಗಿದ್ದವು. ಭಾರತದ ಇಂಟರ್‌ನೆಟ್ಟಿನ ಅರ್ಧದಷ್ಟು ಹೋಯಿತು ಅಂತ ಪೇಪರುಗಳಲ್ಲಿ ಬಂತು. ಆದರೂ ನಮ್ಮದು ನಿಲ್ಲಲಿಲ್ಲ, ತೆವಳಿತು ಅಷ್ಟೆ. ನಮಗೆ ಬೇರೆ ದಾರಿಗಳಿದ್ದವು.

ಬೇರೆ ದಾರಿಯೇ ಇಲ್ಲದ ದೇಶಕ್ಕೆ ಹೀಗಾದರೆ? ಈ ಪ್ರಶ್ನೆ ಹಿಡಿದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಟೋಂಗಾ.

ಶಾಂತ ಮಹಾಸಾಗರದ ನಡುವೆ 170ರಷ್ಟು ದ್ವೀಪಗಳು. ಜನ ಇರುವುದು ಅದರಲ್ಲಿ ಮೂವತ್ತಾರರಲ್ಲಿ. ಒಟ್ಟು ಜನಸಂಖ್ಯೆ ಸುಮಾರು ಒಂದು ಲಕ್ಷ, ನಮ್ಮ ಕಡೆಯ ಒಂದು ತಾಲೂಕಿಗೂ ಕಡಿಮೆ. ಟೋಂಗಾದ ಪಕ್ಕದ ಮನೆ ಅಂದರೆ ಫಿಜಿ. ಅಲ್ಲಿನ ಸುವಾ ಪಟ್ಟಣಕ್ಕೆ ಸಮುದ್ರದ ತಂತಿ ಬಂದದ್ದು 1902ರಲ್ಲಿ! ಕೆನಡಾದ ಎಂಜಿನಿಯರ್ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ವರ್ಷಗಟ್ಟಲೆ ಬೆನ್ನುಹತ್ತಿ ಆದ ಕೆಲಸ ಅದು. ಕೆನಡಾದಿಂದ ಹೊರಟು ಫ್ಯಾನಿಂಗ್ ದ್ವೀಪ, ಸುವಾ, ನಾರ್ಫೋಕ್ ದ್ವೀಪ, ಅಲ್ಲಿಂದ ಕವಲೊಡೆದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ಮೊದಲ ಜಿಗಿತವೇ ಆರು ಸಾವಿರ ಕಿ.ಮೀ. ಮೇಲೆ. ಬ್ರಿಟಿಷರ ಹಟ ಒಂದೇ, ತಂತಿ ಎಲ್ಲಿ ದಡ ಹತ್ತಿದರೂ ಅದು ತಮ್ಮ ಆಳ್ವಿಕೆಯ ನೆಲವಾಗಿರಬೇಕು. ಫಿಜಿಗೆ ತಂತಿ ಸಿಕ್ಕಿದ್ದು ಫಿಜಿಯವರು ಕೇಳಿದರು ಅಂತಲ್ಲ. ದಾರಿಯಲ್ಲಿತ್ತು, ಅದಕ್ಕೆ ಸಿಕ್ಕಿತು. ಟೋಂಗಾ ದಾರಿಯಲ್ಲಿರಲಿಲ್ಲ.

2000ದಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ ನಡುವೆ 'ಸದರ್ನ್ ಕ್ರಾಸ್' ಅನ್ನುವ ಫೈಬರ್ ಕೇಬಲ್ ಬಂತು. ಅದೂ ಸುವಾಕ್ಕೆ ಇಳಿಯಿತು. ಟೋಂಗಾದವರು ಮಾತ್ರ ಉಪಗ್ರಹವನ್ನೇ ನಂಬಿಕೊಂಡಿದ್ದರು. ಆಡಿದ ಮಾತು 36 ಸಾವಿರ ಕಿ.ಮೀ. ಮೇಲೆ ಹೋಗಿ ಮತ್ತೆ ಕೆಳಗಿಳಿಯಬೇಕು. 'ಹಲೋ' ಅಂದು ಕಾಯಬೇಕು, ಆ ಕಡೆಯವರೂ ಅಷ್ಟರಲ್ಲಿ 'ಹಲೋ' ಅಂದಿರುತ್ತಾರೆ. ದುಡ್ಡೂ ಜಾಸ್ತಿ. ಒಂದು ಲಕ್ಷ ಗಿರಾಕಿಗಳಿಗಾಗಿ ಯಾವ ಕಂಪನಿ ತಾನೇ ಸಮುದ್ರದಲ್ಲಿ ಹಣ ಮುಳುಗಿಸುತ್ತದೆ? ಕೊನೆಗೆ ವಿಶ್ವಬ್ಯಾಂಕ್ ಮತ್ತು ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಅನುದಾನ ಕೊಟ್ಟ ಮೇಲೆ, 2013ರ ಆಗಸ್ಟಿನಲ್ಲಿ, ಸುವಾದಿಂದ ರಾಜಧಾನಿ ನುಕುಅಲೋಫಾಕ್ಕೆ 827 ಕಿ.ಮೀ. ಕೇಬಲ್ ಬಂತು. ಪಕ್ಕದ ಮನೆಗೆ ತಂತಿ ಬಂದು 111 ವರ್ಷ ಆದ ಮೇಲೆ. 2018ರಲ್ಲಿ ಅದನ್ನು ದೇಶದೊಳಗೇ ಇರುವ ಹಾಪಾಯ್, ವವಾವು ದ್ವೀಪಗಳಿಗೂ ಎಳೆದರು.

ಆದರೆ ಹೊರಜಗತ್ತಿಗೆ ಇದ್ದದ್ದು ಆ ಒಂದೇ ತಂತಿ. 2019ರ ಜನವರಿಯಲ್ಲಿ ಅದು ತುಂಡಾಗಿ ದೇಶ ಸುಮಾರು ಎರಡು ವಾರ ಪರದಾಡಿತು. ಹಡಗಿನ ಲಂಗರು ಎಳೆದಿರಬೇಕು ಅಂತ ಅನುಮಾನ. ಎರಡನೆಯದು ಬೇಕು ಅಂತ ಎಲ್ಲರಿಗೂ ಗೊತ್ತಿತ್ತು, ಮೊದಲನೆಯದನ್ನೇ ದಾನದ ದುಡ್ಡಲ್ಲಿ ಹಾಕಿಸಿಕೊಂಡವರು ಎರಡನೆಯದನ್ನು ಎಲ್ಲಿಂದ ತರಬೇಕು?

2022ರ ಜನವರಿ 15ರ ಸಂಜೆ, ರಾಜಧಾನಿಯಿಂದ ಸುಮಾರು 65 ಕಿ.ಮೀ. ದೂರದಲ್ಲಿ ಹುಂಗಾ ಟೋಂಗಾ-ಹುಂಗಾ ಹಾಪಾಯ್ ಜ್ವಾಲಾಮುಖಿ ಸಮುದ್ರದೊಳಗಿಂದ ಸಿಡಿಯಿತು. ಸುನಾಮಿ, ಮೇಲಿಂದ ಬೂದಿ. ಸ್ವಲ್ಪ ಹೊತ್ತಿಗೆ ಎರಡೂ ಕೇಬಲ್ ಸತ್ತವು, ಹೊರಗಿನದೂ, ಒಳಗಿನದೂ. ಟೋಂಗಾದ ಎಷ್ಟೋ ಮನೆಗಳವರು ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ದುಡಿಯುತ್ತಾರೆ. ಅವರು ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆಕ್ಲೆಂಡಿನಲ್ಲಿ ಕೂತ ಮಗನಿಗೆ ಅಮ್ಮ ಬದುಕಿದ್ದಾಳೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ವಿದೇಶದಲ್ಲಿ ಮಕ್ಕಳಿರುವ ನಮ್ಮ ಮನೆಗಳವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಕೆಲವು ದಿನಗಳ ಮೇಲೆ ಉಪಗ್ರಹದ ಡಿಶ್ ಇಟ್ಟು ಒಂದಿಷ್ಟು 2ಜಿ ಕರೆ ಶುರು ಮಾಡಿದರು.

ರಿಪೇರಿ ಕತೆ ನನಗೆ ಬಹಳ ಹಿಡಿಸಿತು. ದಡದಿಂದ ಕೇಬಲ್ಲಿನೊಳಗೆ ಬೆಳಕು ಬಿಟ್ಟು, ಅದು ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಅಂತ ನೋಡಿ ತುಂಡಾದ ಜಾಗ ಲೆಕ್ಕ ಹಾಕುತ್ತಾರೆ. ಸಿಕ್ಕಿದ್ದು ಸುಮಾರು 37 ಕಿ.ಮೀ. ದೂರ. 'ರಿಲಯನ್ಸ್' ಅನ್ನುವ ಕೇಬಲ್ ಹಡಗು (ನಮ್ಮ ರಿಲಯನ್ಸ್ ಅಲ್ಲ :)) ಪಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್ಬಿಯಿಂದ ಹೊರಟು ಬಂತು. ಬಾವಿಗೆ ಬಿದ್ದ ಕೊಡ ಎತ್ತಲು ನಮ್ಮಜ್ಜಿ ಪಾತಾಳಗರಡಿ ಬಿಡುತ್ತಿದ್ದಳಲ್ಲ, ಹಡಗಿನವರು ಮಾಡುವುದೂ ಅದೇ. ಕೊಕ್ಕೆ ಇಳಿಬಿಟ್ಟು ತಳ ಕೆರೆದು, ಸಿಕ್ಕ ತುದಿಯನ್ನು ಮೇಲೆತ್ತಿ, ಹೊಸ ತುಂಡು ಬೆಸೆಯುವುದು. ಆದರೆ ಇಲ್ಲಿ ಕೇಬಲ್ ಒಂದು ಕಡೆ ತುಂಡಾಗಿರಲಿಲ್ಲ. ಚೂರುಚೂರಾಗಿತ್ತು, ಕೆಲವು ಚೂರು ಕಿಲೋಮೀಟರುಗಟ್ಟಲೆ ಸರಿದಿದ್ದವು, ಕೆಲವು ಹೂಳಿನಡಿ ಹೋಗಿದ್ದವು. ಎಂಬತ್ತು ಕಿ.ಮೀ.ಗಿಂತ ಹೆಚ್ಚು ಹೊಸ ಕೇಬಲ್ ಹಾಕಿ ಫೆಬ್ರವರಿ 22ಕ್ಕೆ ಸಂಪರ್ಕ ಕೊಟ್ಟರು. 38 ದಿನ.

ಇದು ಸುನಾಮಿಯ ಕೆಲಸವೇ ಅಲ್ಲವಂತೆ. ಆಕಾಶಕ್ಕೇರಿದ ಬೂದಿ-ಕಲ್ಲಿನ ಕಂಬ ವಾಪಸ್ ಸಮುದ್ರಕ್ಕೆ ಕುಸಿದು, ನೀರಿನಡಿಯಲ್ಲೇ ಗಂಟೆಗೆ 122 ಕಿ.ಮೀ.ವರೆಗಿನ ವೇಗದಲ್ಲಿ ನುಗ್ಗಿ ಕೇಬಲ್ಲುಗಳನ್ನು ಹೊಡೆಯಿತು ಅಂತ 2023ರ ಅಧ್ಯಯನವೊಂದು ತೋರಿಸಿತು.

ಒಳಗಿನ ಕೇಬಲ್ಲು? ಅದನ್ನು ಸರಿಮಾಡುವಷ್ಟು ಹೆಚ್ಚುವರಿ ಕೇಬಲ್ಲೇ ಕೈಯಲ್ಲಿರಲಿಲ್ಲ. ಹಾಪಾಯ್, ವವಾವುಗಳ ಜನ 2023ರ ನಡುವಿನವರೆಗೆ, ಸುಮಾರು ಒಂದೂವರೆ ವರ್ಷ ಕಾದರು. ದೊಡ್ಡ ದೇಶಗಳ ದಾರಿಯಲ್ಲಿಲ್ಲ ಅಂತ ಟೋಂಗಾ ಕಾದ ಹಾಗೇ, ರಾಜಧಾನಿಯ ಆಚೆಗಿದ್ದೇವೆ ಅಂತ ಇವರು. 2024ರ ಜೂನ್ ಕೊನೆಯಲ್ಲಿ ಭೂಕಂಪದ ನಂತರ ಅದೇ ಕೇಬಲ್ ಮತ್ತೆ ಹೋಯಿತು. ಈ ಸಲ ಅಲ್ಲಿನ ಜನ ಸ್ಟಾರ್‌ಲಿಂಕ್ ಡಿಶ್ಶುಗಳ ಮೊರೆಹೋದರು, ಮತ್ತೆ ಆಕಾಶಕ್ಕೇ ಕೈಚಾಚಿದ ಹಾಗೆ.

ಅಂದಹಾಗೆ, 2008ರ ಆ ವಾರ ನೀವು ಏನು ಬರೆದು ಏರಿಸಲಾಗದೆ ಒದ್ದಾಡುತ್ತಿದ್ದಿರಿ? ನೆನಪಿದ್ದರೆ ಹೇಳಿ. ನನ್ನದು ಹಲಸಿನ ಹಪ್ಪಳದ ಬಗ್ಗೆ ಇತ್ತು.