ಮುನ್ನೆಲೆ ವಿನ್ಯಾಸಗಳ ಆಯ್ಕೆ (ಆನ್‌ಲೈನ್ ಕರಕುಶಲ ಮಾರುಕಟ್ಟೆ)

ಕರಕುಶಲ ವಸ್ತುಗಳ ಆನ್‌ಲೈನ್ ಮಾರುಕಟ್ಟೆಯಲ್ಲಿ ಯಾವ ವಿನ್ಯಾಸ ಮೊದಲು ಕಾಣಬೇಕೆಂದು ನಿರ್ಧರಿಸುವ ಕ್ರಮ. 2005ರಲ್ಲಿ ಆರಂಭವಾದ ಇಂಥ ಮಾರುಕಟ್ಟೆ ಎಟ್ಸಿ, ಹುಡುಕಿದ ಪದದ ಹೊಂದಾಣಿಕೆ, ಗ್ರಾಹಕರ ಸ್ಪಂದನೆ, ಹೊಸತನ, ಸಾಗಣೆ ವೆಚ್ಚಗಳನ್ನು ತೂಗುತ್ತದೆ. ಗದಗ ಜಿಲ್ಲೆಯ ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಗೆ ಈ ಅಳತೆ ಸಾಲದು. ಚೌಕಳಿ ಒಡಲು, ಎದ್ದುಕಾಣುವ ಅಂಚು ಫೋಟೊದಲ್ಲಿ ಬರುತ್ತವೆ. ಎರಡೂ ಮಗ್ಗುಲಿಗೆ ಉಡಬಹುದಾದ ನೇಯ್ಗೆ ಬರುವುದಿಲ್ಲ. ಅದೇ ಚೌಕಳಿಯ ಯಂತ್ರಮಗ್ಗದ ನಕಲು ಅಗ್ಗವಾಗಿ ಹೆಚ್ಚು ಮಾರಾಟವಾದರೆ, ಆ ಮಾರಾಟವೇ ಅದನ್ನು ಇನ್ನೂ ಮೇಲಕ್ಕೆ ತರುತ್ತದೆ.

ಕೊಳ್ಳುವವರ ಇಷ್ಟವೇ ಅಂತಿಮವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಕಣ್ಣಿಗೇ ಬೀಳದ್ದನ್ನು ಇಷ್ಟಪಡುವುದು ಹೇಗೆ? ಈ ಲೆಕ್ಕಾಚಾರದ ಬದಲು ಮನುಷ್ಯರೇ ಆರಿಸಿದರೆ ಪಕ್ಷಪಾತ ನುಸುಳಬಹುದು, ನಿಜ. ಆದ್ದರಿಂದಲೇ ಕೇಂದ್ರ ಸರ್ಕಾರ 2006ರಲ್ಲಿ ತಂದ ಕೈಮಗ್ಗದ ಗುರುತಿನಂಥ, ಪರಿಶೀಲಿಸಬಹುದಾದ ಪುರಾವೆಗೆ ಆಯ್ಕೆಯಲ್ಲಿ ಮಾರಾಟದಷ್ಟೇ ಬೆಲೆ ಸಿಗಬೇಕು.